ಹಿಟ್ಟಿನ ಡಬ್ಬಿಯಲ್ಲಿ ಸಿಕ್ಕ ಪೆಟ್ಟಿಗೆ

ಬೆಳಿಗ್ಗೆ ಒಂಬತ್ತೂವರೆಗೆ ಠಾಣೆಗೆ ಬಂದ ದೂರು ಚಿಕ್ಕದು. ದೂರು ತಂದವರು ದೊಡ್ಡವರು. ಶಾಸಕರ ಹೆಂಡತಿ ತಾವೇ ಬಂದು, ಕುರ್ಚಿ ಎಳೆದುಕೊಂಡು ಕುಳಿತು, ಬೀರುವಿನಲ್ಲಿದ್ದ ಹವಳದ ಹಾರ ಪೆಟ್ಟಿಗೆ ಸಮೇತ ಕಾಣೆಯಾಗಿದೆ ಎಂದರು.

"ಯಾರ ಮೇಲಾದ್ರೂ ಅನುಮಾನ?" ಎಂದಳು ಇನ್ಸ್‌ಪೆಕ್ಟರ್. ಆಕೆ ಈ ಠಾಣೆಗೆ ಬಂದು ತಿಂಗಳೂ ತುಂಬಿರಲಿಲ್ಲ.

"ಆ ಕೋಣೆಗೆ ಬರೋಳು ಅಡುಗೆಯವಳು ಒಬ್ಳೇ. ನನ್ನ ಮಗಳನ್ನ ಎತ್ತಿ ಆಡಿಸಿದವಳು. ಹೇಳೋಕೇ ಬಾಯಿ ಬರ್ತಿಲ್ಲ."

"ಯಜಮಾನ್ರಿಗೆ ಗೊತ್ತಾ?"

"ಇವತ್ತು ಅವರ ಮಸೂದೆ ಸದನಕ್ಕೆ ಬರುತ್ತೆ. ಅವರ ತಲೆ ತಿನ್ನೋದ್ಯಾಕೆ ಅಂತ ನಾನೇ ಬಂದೆ."

ಆ ಮಸೂದೆ ಯಾರಿಗೆ ಗೊತ್ತಿರಲಿಲ್ಲ! ಮದುವೆಯಾದವರು ದಾರಿ ತಪ್ಪಿದರೆ ಜೈಲು. ಶಾಸಕರು ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಊರೂರಲ್ಲೂ ಭಾಷಣ ಬಿಗಿದಿದ್ದರು.

ಎಫ್‌ಐಆರ್ ದಾಖಲಾಯಿತು. ಹಾರದ ಫೋಟೊ ಊರಿನ ಒಡವೆ ಅಂಗಡಿಗಳಿಗೆಲ್ಲ ಹೋಯಿತು. ಇನ್ಸ್‌ಪೆಕ್ಟರ್ ಹೆಡ್ ಕಾನ್‌ಸ್ಟೆಬಲ್‌ನನ್ನು ಕರೆದುಕೊಂಡು ಶಾಸಕರ ಮನೆಗೆ ಹೊರಟಳು.

ಅಡುಗೆಯವಳ ಕೋಣೆ ಹಿತ್ತಲಲ್ಲಿತ್ತು. ಒಂದು ಮಂಚ, ಒಂದು ಟ್ರಂಕು, ಮೂಲೆಯಲ್ಲಿ ಸ್ಟೌವ್, ಎತ್ತರದ ಹಿಟ್ಟಿನ ಡಬ್ಬಿ. ಪಕ್ಕದ ಮನೆಯ ದಂತವೈದ್ಯ ಮತ್ತು ಅವನ ತಂಗಿ ಶೋಧಕ್ಕೆ ಸಾಕ್ಷಿಗಳಾಗಿ, ಪಂಚರಾಗಿ ನಿಂತರು. ಇನ್ಸ್‌ಪೆಕ್ಟರ್ ಒಂದನ್ನೂ ಬಿಡಲಿಲ್ಲ. ಅಂಗಿಯ ತೋಳು ಮಡಚಿ ಹಿಟ್ಟಿನ ಡಬ್ಬಿಗೆ ಮೊಣಕೈವರೆಗೆ ಕೈ ಹಾಕಿ ತಳ ಕೆರೆದಳು. ಏನೂ ಸಿಗಲಿಲ್ಲ. ಪಂಚನಾಮೆಗೆ ಸಹಿ ಬಿತ್ತು.

"ಇಲ್ಲಿ ಬರೀ ಹಿಟ್ಟೇ ಮೇಡಂ," ಎಂದ ಹೆಡ್ ಕಾನ್‌ಸ್ಟೆಬಲ್. "ನಮ್ಮನ್ನೇ ರೊಟ್ಟಿ ತಟ್ಟೋಕೆ ಕೂರಿಸ್ತಾರೇನೋ."

ಅಷ್ಟರಲ್ಲಿ ಶಾಸಕರ ಕಾರು ಬಂತು. ಸುದ್ದಿ ಹೇಗೋ ಮುಟ್ಟಿತ್ತು.

"ಮನೆ ವಿಷಯ ಬೀದಿಗೆ ತರೋಕೆ ಇವತ್ತೇ ಬೇಕಿತ್ತಾ?" ಎಂದು ಹೆಂಡತಿಯ ಮೇಲೆ ರೇಗಿ ಒಳಗೆ ಹೋದರು. ಪೊಲೀಸರು ಹಜಾರದಲ್ಲಿ ಅಡುಗೆಯವಳ ಹೇಳಿಕೆ ಬರೆದುಕೊಳ್ಳುತ್ತಿದ್ದಾಗ ಹಿತ್ತಲ ಕಡೆಯಿಂದ ಮತ್ತೆ ಬಂದರು. ದನಿ ಈಗ ಬೆಣ್ಣೆಯಂತಿತ್ತು.

"ಇನ್ನೊಂದ್ಸಲ ನೋಡಿಬಿಡಿ ಇನ್ಸ್‌ಪೆಕ್ಟ್ರೇ. ಡಬ್ಬಿಗಿಬ್ಬಿ ಎಲ್ಲ ಸರಿಯಾಗಿ ನೋಡಿದ್ರಾ?"

ಇನ್ಸ್‌ಪೆಕ್ಟರ್ ಬರೆಯುವುದನ್ನು ನಿಲ್ಲಿಸಿ ಎದ್ದಳು. ಪಂಚರನ್ನು ಕರೆದುಕೊಂಡು ಹಿತ್ತಲಿಗೆ ನಡೆದು, ಡಬ್ಬಿಗೆ ಕೈ ಹಾಕಿದಳು. ಬೆರಳಿಗೆ ಗಟ್ಟಿಯಾಗಿ ಏನೋ ತಾಗಿತು. ಹಾರದ ಪೆಟ್ಟಿಗೆ! ಒಳಗೆ ಖಾಲಿ.

ಅಡುಗೆಯವಳು ಓಡಿ ಬಂದು ಯಜಮಾನಿಯ ಕೈ ಹಿಡಿದಳು. "ಅಯ್ಯೋ, ನಾನಲ್ಲಕ್ಕಾ!" ಶಾಸಕರ ಹೆಂಡತಿ ಅವಳ ಕೆನ್ನೆಗೆ ಬಾರಿಸಿಯೇಬಿಟ್ಟರು.

ಇನ್ಸ್‌ಪೆಕ್ಟರ್ ಮಾತ್ರ ತಣ್ಣಗೆ ತಿರುಗಿದಳು. "ಸರ್, ಟೈಮ್ ಎಷ್ಟು?"

ಶಾಸಕರು ಅಭ್ಯಾಸಬಲದಿಂದ ಕೈ ಎತ್ತಿದರು. ಗಡಿಯಾರದ ಸರಪಳಿಯ ಸಂದುಸಂದಿನಲ್ಲೂ ಬೆಳ್ಳಗೆ ಹಿಟ್ಟು.

"ಗಡಿಯಾರ ಬಿಚ್ಚಿಕೊಡಿ ಸರ್. ಪಂಚರೇ, ನೋಡ್ಕೊಳ್ಳಿ."

"ಸಂಜೆಯೊಳಗೆ ನಿಮ್ಮನ್ನ ಎಲ್ಲಿಗೆ ಎತ್ತಿ ಹಾಕಿಸ್ತೀನಿ ನೋಡ್ತಿರಿ!" ಎಂದು ಗಡಿಯಾರ ಬಿಸಾಕಿ ಶಾಸಕರು ಸದನಕ್ಕೆ ಹೊರಟರು. ಆಕೆ ತಡೆಯಲಿಲ್ಲ. ಹಿಟ್ಟೊಂದೇ ಸಾಲದು, ಹಾರ ಬೇಕಿತ್ತು.

ಜೀಪು ಹತ್ತುವಾಗಲೇ ಫೋನು ಬಂತು. ಪೇಟೆಯ ಅಕ್ಕಸಾಲಿ ಮಾತಾಡುತ್ತಿದ್ದ. "ಹಾರ ನನ್ನ ಮುಂದೇ ಇದೆ ಮೇಡಂ. ಉದ್ದ ಕಡಿಮೆ ಮಾಡೋಕೆ ಒಬ್ಬರು ಹೆಂಗಸು ನಿನ್ನೆ ಕೊಟ್ಟು ಹೋದ್ರು. ಇನ್ನೇನು ತಗೊಂಡು ಹೋಗೋಕೆ ಬರ್ತಾರೆ."

"ಓಡಿಸಯ್ಯಾ!" ಎಂದಳು ಇನ್ಸ್‌ಪೆಕ್ಟರ್. ಜೀಪು ಬಾಣದಂತೆ ಹಾರಿತು.

ಅಂಗಡಿಯ ಟಿವಿಯಲ್ಲಿ ಸದನದ ನೇರಪ್ರಸಾರ ಬರುತ್ತಿತ್ತು. "ಮನೆ ಮುರಿಯುವವರಿಗೆ ಕರುಣೆ ಬೇಡ!" ಎಂದು ಶಾಸಕರು ಗುಡುಗುತ್ತಿದ್ದಾಗಲೇ ಬಾಗಿಲು ತೆರೆದು ಒಬ್ಬಾಕೆ ಒಳಗೆ ಬಂದಳು. ಖಾಕಿ ನೋಡಿದವಳೇ ನಿಂತುಬಿಟ್ಟಳು.

"ಈ ಹಾರ ನಿಮ್ದಾ?"

"ಹೌದು. ನನ್ನನ್ನ ಮದುವೆಯಾಗೋರು ಕೊಟ್ಟಿದ್ದು."

"ಯಾರವರು?"

ಆಕೆ ತುಸು ಹೆಮ್ಮೆಯಿಂದಲೇ ಟಿವಿಯತ್ತ ಕಣ್ಣು ಹಾಯಿಸಿದಳು. "ಅವರೇ. ಹೆಂಡತಿಯಿಂದ ಬೇರೆಯಾಗಿ ವರ್ಷವಾಯ್ತಂತೆ, ವೇದಿಕೆ ಮೇಲೆ ಜೊತೆಗೆ ಕೂರೋದು ಬರೀ ತೋರಿಕೆಗಂತೆ. ತಾಯಿಯ ಹಾರ ಅಂತ ಕೊಟ್ರು."

"ಬೆಳಿಗ್ಗೆ ಆ ಹೆಂಡತಿಯೇ ದೂರು ಕೊಟ್ಟಿದಾರಮ್ಮಾ. ಒಂದೇ ಮನೇಲಿದಾರೆ."

ಆಕೆ ಹಾರವನ್ನು ಇನ್ಸ್‌ಪೆಕ್ಟರ್ ಕಡೆಗೆ ತಳ್ಳಿದಳು. "ಹೇಳಿಕೆಗೆ ಎಲ್ಲಿ ಸಹಿ ಹಾಕ್ಬೇಕು?" ಎಂದಳು.

ಸದನದ ಆವರಣದೊಳಗೆ ಪೊಲೀಸರು ಕೈ ಹಾಕುವಂತಿಲ್ಲ. ಇನ್ಸ್‌ಪೆಕ್ಟರ್ ಗೇಟಿನ ಹೊರಗೆ ಕಾದಳು. ಪೆಟ್ಟಿಗೆಯ ಮೇಲಿನ ಬೆರಳಚ್ಚು ಗಡಿಯಾರದ ಮೇಲಿನದಕ್ಕೆ ಹೊಂದುತ್ತದೆ, ಅದೂ ಶಾಸಕರದ್ದೇ ಎಂಬ ವರದಿ ಅಲ್ಲಿಗೇ ಬಂತು. ಮಸೂದೆ ಪಾಸಾಗಿ, ಕೊರಳ ತುಂಬ ಹೂವಿನ ಹಾರ ಹಾಕಿಕೊಂಡು ಶಾಸಕರು ಹೊರಗೆ ಬಂದರು. ಗೇಟು ದಾಟಿದ ಕೂಡಲೇ ಆಕೆ ಅಡ್ಡ ನಿಂತಳು.

"ಹೆಂಡತಿಯ ಒಡವೆ ಕದ್ದಿದ್ದಕ್ಕೆ, ಸುಳ್ಳು ಸಾಕ್ಷ್ಯ ಸೃಷ್ಟಿಸಿದ್ದಕ್ಕೆ ನಿಮ್ಮನ್ನ ಬಂಧಿಸ್ತಿದೀನಿ ಸರ್. ಜೀಪು ಈ ಕಡೆ."

ಗೇಟಿನ ಬಳಿ ನೆರೆದಿದ್ದ ಬೆಂಬಲಿಗರ ಜೈಕಾರ ಅರ್ಧಕ್ಕೇ ನಿಂತಿತು.

ಠಾಣೆಯಲ್ಲಿ ಶಾಸಕರು ಬಾಯಿ ಬಿಟ್ಟರು. "ಸಂಜೆವರೆಗೆ ಯಾರಾದ್ರೂ ಒಬ್ಬ ಕಳ್ಳ ಬೇಕಾಗಿತ್ತು, ಅಷ್ಟೇ. ಆಮೇಲೆ ನಾನೇ ಅವಳನ್ನ ಬಿಡಿಸ್ತಿದ್ದೆ."

"ಅವಳೇ ಯಾಕೆ?"

ಅಡುಗೆಯವಳ ಮೇಲೆ ಅವರಿಗೆ ಸಿಟ್ಟಿರಲಿಲ್ಲ. ಅವಳ ಕೈಯಡುಗೆಯಿಲ್ಲದೆ ಅವರಿಗೆ ಊಟ ಸೇರುತ್ತಿರಲಿಲ್ಲ. ಹೇಳಿಕೆಯ ಕೊನೆಯ ಸಾಲನ್ನು ಶಾಸಕರು ಹೇಳಿದಂತೆಯೇ ಇನ್ಸ್‌ಪೆಕ್ಟರ್ ಬರೆದುಕೊಂಡಳು: ಇಡೀ ಮನೆಯಲ್ಲಿ ಬೀಗವಿಲ್ಲದ ಕೋಣೆ ಅವಳದೊಂದೇ ಆಗಿತ್ತು.