ಹೊಗೆಸೊಪ್ಪಿನ ಕಷಾಯ

"ಮುಟ್ಟಾಗಿದ್ದಾಗ ಹುಳದ ಮನೆಗೆ ಹೋಗಿದ್ಯಾ, ಇಲ್ವಾ? ಅಷ್ಟ್ ಹೇಳಮ್ಮ, ಸಾಕು."

ಜಗುಲಿಯ ಮೇಲೆ ಕುಳಿತಿದ್ದ ಕದರಯ್ಯ ಬಾಯಲ್ಲಿದ್ದ ಎಲೆ, ಅಡಿಕೆ, ಹೊಗೆಸೊಪ್ಪನ್ನೆಲ್ಲ ಒಂದು ದವಡೆಗೆ ಸರಿಸಿಕೊಂಡು ಸೊಸೆಯನ್ನು ಕೇಳಿದ. ಅವನ ಕಾಲ ಬಳಿ ಬಿದಿರಿನ ತಟ್ಟೆಯೊಂದಿತ್ತು. ತಟ್ಟೆಯ ತುಂಬ ಬೆರಳುದ್ದದ ರೇಷ್ಮೆ ಹುಳುಗಳು ಹಸಿರು ರಸ ಕಾರಿಕೊಂಡು ಬಿದ್ದಿದ್ದವು. ಕೆಲವಕ್ಕೆ ಇನ್ನೂ ಜೀವವಿತ್ತು. ಅವು ತಲೆ ಎತ್ತಿ ಅತ್ತಿತ್ತ ಆಡಿಸಿ, ಮತ್ತೆ ಸೊಪ್ಪಿನ ಮೇಲೆ ಬಿದ್ದುಬಿಡುತ್ತಿದ್ದವು. ಇನ್ನೊಂದು ವಾರದಲ್ಲಿ ಹಣ್ಣಾಗಿ ಗೂಡು ಕಟ್ಟಬೇಕಾಗಿದ್ದ ಹುಳುಗಳು ಅವು.

"ಹೋಗಿದ್ದೆ ಮಾವ," ಎಂದಳು ಮೋನಿಕಾ.

ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದ ಅತ್ತೆ ಕೊಲ್ಲಾಪುರಮ್ಮ ಹಣೆ ಚಚ್ಚಿಕೊಂಡಳು. ಈ ಹುಡುಗಿಗೆ ಒಂದು ಸಣ್ಣ ಸುಳ್ಳು ಹೇಳುವುದಕ್ಕೂ ಬರುವುದಿಲ್ಲವಲ್ಲ! 'ಇಲ್ಲ ಮಾವ' ಅಂದಿದ್ದರೆ ಯಾವ ಹುಳ ಎದ್ದು ಬಂದು ಸಾಕ್ಷಿ ಹೇಳುತ್ತಿತ್ತು? ಇವಳ ತವರು ಗುಬ್ಬಿಯವರು ಹೆಣ್ಣುಮಕ್ಕಳಿಗೆ ಎಲ್ಲ ಕಲಿಸಿ ಕಳಿಸುತ್ತಾರೆ, ಬೇಕಾದ್ದೊಂದನ್ನು ಬಿಟ್ಟು.

"ಹೋಗ್ದೆ ಏನ್ ಮಾಡ್ಲಿ ಮಾವ? ಹುಳ ಪೊರೆ ಬಿಟ್ಟು ನಾಲ್ಕನೇ ಜ್ವರದಿಂದ ಎದ್ದು ಹಸ್ಕೊಂಡಿದ್ವು. ಇವ್ರು ಡ್ಯೂಟಿಗೆ ಹೋಗಿದ್ರು. ಅತ್ತೆಗೆ ಮಂಡಿ ಊದ್ಕೊಂಡು ಏಳಕ್ಕೆ ಆಯ್ತಿರ್ಲಿಲ್ಲ. ನಿಮ್ಮನ್ನ ಕೂಗ್ದೆ. ನೀವು ಅವರೆ ಹೊಲದಲ್ಲಿದ್ರಿ..." ಮೋನಿಕಾ ಬಗ್ಗಿ, ತಟ್ಟೆಯಿಂದ ಜಾರಿದ ಹುಳವೊಂದನ್ನು ಎತ್ತಿ ಒಳಗಿಟ್ಟಳು. "ಸೊಪ್ಪು ಹಾಕ್ದೆ ಇದ್ರೂ ಸಾಯ್ತಿದ್ವು. ಅದಕ್ಕೆ ಸ್ನಾನ ಮಾಡ್ಕೊಂಡೇ ಹೋದೆ."

"ಸ್ನಾನ ಮಾಡುದ್ರೆ ಹೋಗೋದಾಗಿದ್ರೆ ನಮ್ಮವ್ವ ಯಾಕೆ ಹಂಗೆ ಕಟ್ಟು ಹಾಕ್ತಿದ್ಲು? ನೋಡ್ಕೊ ಈಗ. ಕಣ್ಣೆದುರಿಗೇ ಅದೆ."

ಆ ಮನೆಯಲ್ಲಿ ಆ ಕಟ್ಟು ಕಲ್ಲಿನಷ್ಟು ಗಟ್ಟಿ. ಮುಟ್ಟಾದ ಹೆಂಗಸು ಹುಳದ ಮನೆಯ ಹೊಸಿಲು ದಾಟುವಂತಿಲ್ಲ, ಅದರ ಗೋಡೆಗೆ ಒರಗುವಂತೆಯೂ ಇಲ್ಲ. ಪರಸ್ಥಳದವರ ಕಣ್ಣು ಬೀಳದಿರಲೆಂದು ಬಾಗಿಲಿಗೆ ಗೋಣಿತಾಟು ಬೇರೆ. ಈ ಕಟ್ಟುಗಳನ್ನೆಲ್ಲ ಕಾಯುವ ಕದರಯ್ಯ ಮಾತ್ರ ಹೊಲದಿಂದ ಬಂದ ಕಾಲಲ್ಲಿ, ಹೊಗೆಸೊಪ್ಪು ತಿಕ್ಕಿದ ಕೈಯಲ್ಲಿ ಸೀದಾ ಒಳಗೆ ನುಗ್ಗುತ್ತಿದ್ದ. ಸೊಸೆ ಬಾಗಿಲಲ್ಲಿ ಕೈಕಾಲು ತೊಳೆಯಲೆಂದು ಇಟ್ಟ ಬಕೆಟ್ಟು ಅವನ ಕಣ್ಣಿಗೆ ಎಂದೂ ಬಿದ್ದಿರಲಿಲ್ಲ.

"ನಾಳೆ ಬೆಳಗ್ಗೆ ನಿಮ್ಮೂರಿಗೆ ಹೊರಡು. ಮುತ್ತ ಬಸ್ಸು ಹತ್ತಿಸ್ತಾನೆ. ಹುಳದ ಮನೆಗೆ ಬೀಗ ಹಾಕಿಸ್ತೀನಿ," ಎಂದ ಕದರಯ್ಯ. "ಸಂಕ್ರಾಂತಿ ಕಳೀಲಿ. ಆಮೇಲೆ ನೋಡನ."

ಹಾಲಿನ ವ್ಯಾನು ಓಡಿಸಿ ಆಗಷ್ಟೇ ಬಂದಿದ್ದ ಮಗ ಮುತ್ತುರಾಜ್ ತನ್ನ ಚಪ್ಪಲಿಯನ್ನೇ ನೋಡುತ್ತ ನಿಂತಿದ್ದ. ಕುಣಿಗಲ್ಲಿನ ಟ್ರಾಫಿಕ್ಕಿನಲ್ಲಿ ಎಂಥವರಿಗೂ ಹಾರನ್ನು ಹೊಡೆಯುವ ಗಂಡು, ಅಪ್ಪನ ಎದುರಿಗೆ ಬಾಯಿಗೆ ಬೆಣ್ಣೆ ಮೆತ್ತಿಕೊಂಡವನಂತಾಗುತ್ತಿದ್ದ. ಕೊಲ್ಲಾಪುರಮ್ಮನಿಗೆ ಮಗನನ್ನು ಹಿಡಿದು ಅಲ್ಲಾಡಿಸಬೇಕೆನಿಸಿತು.

ಮೋನಿಕಾ ಒಳಗೆ ಹೋಗಿ ಮಂಚದ ಕೆಳಗಿನ ಬ್ಯಾಗನ್ನು ಎಳೆದಳು. ಹಳೆಯ ಎಮ್ಮೆ ಕೊಟ್ಟಿಗೆಯ ಗೋಡೆಗೆ ಸುಣ್ಣ ಬಳಿದು, ಕಿಟಕಿಗೆ ಬಲೆ ಕಟ್ಟಿ, ಅದನ್ನು ಹುಳದ ಮನೆ ಮಾಡಿದವಳು ಅವಳು. ಹುಳುಗಳು ಸೊಪ್ಪು ಮೇಯುವಾಗ ಮಳೆ ಬಿದ್ದಂತೆ ಸದ್ದಾಗುತ್ತದೆಂದು ಅತ್ತೆಯನ್ನು ಕೈಹಿಡಿದು ಕರೆದೊಯ್ದು ಕೇಳಿಸಿದವಳೂ ಅವಳೇ. ಈ ಮನೆಯಲ್ಲಿ ತನ್ನದು ಎಂದು ಅವಳು ಹೇಳಬಹುದಾಗಿದ್ದ ಬಾಗಿಲು ಅದೊಂದೇ. ಆ ಬಾಗಿಲಿಗೆ ಬೀಗ ಬಿದ್ದ ಮೇಲೆ ಸಂಕ್ರಾಂತಿ ಕಳೆದರೇನು, ಯುಗಾದಿ ಕಳೆದರೇನು... ಅವಳು ತಿರುಗಿ ಬರುವ ಹುಡುಗಿಯಲ್ಲ ಎಂಬುದು ಕೊಲ್ಲಾಪುರಮ್ಮನಿಗೆ ಗೊತ್ತಿತ್ತು.

ಸಂಕ್ರಾಂತಿ ಕಳೀಲಿ, ಆಮೇಲೆ ನೋಡನ. ಈ ಮಾತನ್ನು ಕೊಲ್ಲಾಪುರಮ್ಮ ಮೊದಲು ಕೇಳಿದ್ದು ತಾನು ಮದುವೆಯಾದ ವರ್ಷ, ಇದೇ ಜಗುಲಿಯಲ್ಲಿ. ಕೊಟ್ಟಿಗೆಯ ಎಮ್ಮೆಗೆ ಹೊಟ್ಟೆ ಉಬ್ಬರಿಸಿತ್ತು. ಹರೆಯದ ಕದರಯ್ಯ ಆಗಲೇ ಊರಿಗೆಲ್ಲ ಮದ್ದಿನವನು. ಹರಳೆಣ್ಣೆ, ಇಂಗು, ಶುಂಠಿ ಕಲಸಿ ಬಿದಿರಿನ ಗೊಟ್ಟಕ್ಕೆ ತುಂಬಿ, "ಬಾರೇ, ಹಗ್ಗ ಹಿಡ್ಕೊ" ಎಂದು ಹೊಸ ಹೆಂಡತಿಯನ್ನು ಕೂಗಿದ. ಹೊರಗೆ ಕೂತಿದ್ದೇನೆಂದು ಹೇಳುವಷ್ಟರಲ್ಲಿ ಹಗ್ಗ ಕೈಗೆ ಬಂದಾಗಿತ್ತು. ಅವನು ಎಮ್ಮೆಯ ನಾಲಗೆ ಹೊರಗೆಳೆದು ಹಿಡಿದು ಗೊಟ್ಟ ಸುರಿದ. ಮದ್ದು ಹೊಟ್ಟೆಗಿಳಿಯದೆ ಶ್ವಾಸಕ್ಕೆ ನುಗ್ಗಿತು. ಎಮ್ಮೆ ಕೆಮ್ಮಿ, ಮೂಗಿನಲ್ಲಿ ನೊರೆ ಬಿಟ್ಟು, ಅವಳ ಕಣ್ಣೆದುರಿಗೇ ಬಿತ್ತು. "ಮುಟ್ಟಾಗಿದ್ದಾಗ ಕೊಟ್ಟಿಗೆಗೆ ಹೋಗಿದ್ಯೇನೇ?" ಎಂದು ಅತ್ತೆ ಕೇಳಿದಾಗ ಅವಳೂ ಹೀಗೆಯೇ "ಹೋಗಿದ್ದೆ" ಎಂದಿದ್ದಳು. ಸಂಕ್ರಾಂತಿ ಕಳೀಲಿ ಎಂದು ಅತ್ತೆ ತವರಿಗೆ ಅಟ್ಟಿದಳು, ಗಂಡ ಬಸ್ಸು ಹತ್ತಿಸಿದ. ಸಂಕ್ರಾಂತಿ ಕಳೆದರೂ ಬೆಳ್ಳಾವಿಯ ತವರಿಗೆ ಯಾರೂ ಕರೆಯಲು ಬರಲಿಲ್ಲ. ಸುಗ್ಗಿಯೆಲ್ಲ ಮುಗಿದ ಮೇಲೆ ಅವನು ಬಂದ, ಏನೂ ಆಗದವನಂತೆ. ಪಾಪ, ತನ್ನ ಗೊಟ್ಟವೇ ಎಮ್ಮೆ ಕೊಂದಿತೆಂದು ಅವನಿಗೆ ಗೊತ್ತಿಲ್ಲ, ಗೊತ್ತಾದರೆ ಮದ್ದಿನವನ ಮುಖ ಏನಾಗಬೇಡ ಎಂದುಕೊಂಡು ಅವಳು ಅಂದಿನಿಂದ ಬಾಯಿ ಮುಚ್ಚಿಕೊಂಡೇ ಇದ್ದಳು.

ಅವನ ಮದ್ದುಗಳೇನು ಒಂದೇ ಎರಡೇ. ತೆಂಗಿನ ಬುಡಕ್ಕೆ ಉಪ್ಪು, ರಾಗಿ ಪೈರಿಗೆ ಬೂದಿ, ಕೆಮ್ಮಿಗೆ ಆಡುಸೋಗೆ, ಚೇಳಿಗೆ ಒಂದು, ಚಳಿಗೆ ಒಂದು. ಅರ್ಧ ಫಲಿಸುತ್ತಿದ್ದವು, ಅರ್ಧ ಫಲಿಸುತ್ತಿರಲಿಲ್ಲ. ಫಲಿಸಿದ್ದು ಅವನ ಕೈಗುಣ, ಫಲಿಸದ್ದು ಮನೆಯ ಹೆಂಗಸರ ಕಾಲ್ಗುಣ. ಅರೆಯುವುದು, ಕುದಿಸುವುದು, ಸೋಸುವುದು, ಕರಿ ಹಿಡಿದ ಪಾತ್ರೆ ಉಜ್ಜುವುದು ಮಾತ್ರ ಎಂದೂ ಅವನ ಪಾಲಿಗೆ ಬರಲಿಲ್ಲ.

ಕೊಲ್ಲಾಪುರಮ್ಮ ಮಂಡಿ ಹಿಡಿದುಕೊಂಡು ಕುಂಟುತ್ತ ಹುಳದ ಮನೆಗೆ ನಡೆದಳು. ಬಕೆಟ್ಟಿನಲ್ಲಿ ಕೈಕಾಲು ತೊಳೆದು ಒಳಗೆ ಹೋದರೆ, ಬಾಗಿಲ ಕಡೆಯ ತಟ್ಟೆಗಳಲ್ಲಿ ಹುಳುಗಳು ಸತ್ತಿದ್ದವು. ಒಳಗಡೆಯ ತಟ್ಟೆಗಳಲ್ಲಿ ಚೆನ್ನಾಗಿಯೇ ಮೇಯುತ್ತಿದ್ದವು. ಅವಳಿಗೆ ಅರ್ಥವಾಗಲಿಲ್ಲ. ಮೈಲಿಗೆಗೆ ಈ ತಟ್ಟೆ ಆ ತಟ್ಟೆ ಎಂಬ ಭೇದ ಎಲ್ಲಿಂದ ಬರಬೇಕು?

"ಮೋನಿಕಾ, ಬಾ ಇಲ್ಲಿ. ಈ ತಟ್ಟೆಗಳಿಗೆ ಸೊಪ್ಪು ಎಲ್ಲಿಂದ ಕಿತ್ತೆ?"

ಮೋನಿಕಾ ಕಣ್ಣೊರೆಸಿಕೊಂಡು ಬಂದಳು. "ಒಳಗಿನವಕ್ಕೆ ನೀರಿನ ಚಾನಲ್ ಕಡೆಯಿಂದ ತಂದೆ ಅತ್ತೆ. ಇವಕ್ಕೆ ಸಾಲ್ದೆ ಬಂತು. ಅವರೆ ಹೊಲದ ಪಕ್ಕದ ಸಾಲಲ್ಲಿ ಕಿತ್ತೆ."

ಕೊಲ್ಲಾಪುರಮ್ಮ ಸತ್ತ ಹುಳುಗಳ ನಡುವಿನಿಂದ ಒಂದು ಎಲೆ ಎತ್ತಿ ಮೂಗಿಗೆ ಹಿಡಿದಳು. ಆ ವಾಸನೆ ಅವಳಿಗೆ ಚೆನ್ನಾಗಿ ಗೊತ್ತು. ಊದಿದ ಮಂಡಿಯಲ್ಲೇ ಒಲೆ ಮುಂದೆ ಕೂರಿಸಿ ಕದರಯ್ಯ ಅವಳಿಂದ ಕುದಿಸಿಕೊಂಡಿದ್ದ ಹೊಗೆಸೊಪ್ಪಿನ ಕಷಾಯದ್ದು ಅದು. ಅವರೆಗೆ ಕಪ್ಪು ಹೇನು ಹತ್ತಿದೆಯೆಂದು, ಅದಕ್ಕೆ ಬಟ್ಟೆ ಸೋಪು ಕದಡಿ, ಬೆನ್ನಿಗೆ ಪಂಪು ಏರಿಸಿಕೊಂಡು ಅವನು ಹೊಲಕ್ಕೆ ಹೋಗಿದ್ದ. ಅವತ್ತು ಮಾರ್ಕೋನಹಳ್ಳಿ ಡ್ಯಾಂ ಕಡೆಯಿಂದ ಜೋರು ಗಾಳಿ. ಗಾಳಿ ನಿಂತ ಮೇಲೆ ಹೊಡೀರಿ ಎಂದರೆ, "ನಂಗೇ ಹೇಳ್ಕೊಡ್ತೀಯಾ?" ಎಂದಿದ್ದ. ಗಾಳಿ ಆ ಕಷಾಯವನ್ನು ಪಕ್ಕದ ಹಿಪ್ಪುನೇರಳೆಯ ಮೇಲೂ ಚೆಲ್ಲಿತ್ತು.

ಅವಳ ಮೈ ಉರಿದುಹೋಯಿತು. ಅವತ್ತು ಎಮ್ಮೆ, ಇವತ್ತು ಹುಳ. ಗೊಟ್ಟ ಹೋಗಿ ಪಂಪು ಬಂದಿತ್ತು, ಅಷ್ಟೇ. ಬೇಯುವುದು ಮಾತ್ರ ಅದೇ ಜಗುಲಿಯಲ್ಲಿ ಇನ್ನೊಬ್ಬರ ಮನೆಯ ಹೆಣ್ಣುಮಗಳು... ಕುಂಟುತ್ತಲೇ ಹೋಗಿ ಅಂಚಿನ ಸಾಲಿನಿಂದ ಒಂದು ಹಿಡಿ ಸೊಪ್ಪು ಕಿತ್ತಳು. ಒಳಗಿದ್ದ, ಹುಳ ಬದುಕಿದ್ದ ಒಂದು ತಟ್ಟೆಯನ್ನೂ ಹೊತ್ತು ತಂದು ಗಂಡನ ಮುಂದಿಟ್ಟಳು.

"ನೋಡ್ರಿ, ನಿಮ್ ಅವರೆಲಿ ಒಂದು ಹೇನೂ ಉಳಿದಿಲ್ಲ."

ಕದರಯ್ಯನ ಮುಖ ಅರಳಿತು. "ಮತ್ತೆ? ಯಾರ್ ಮದ್ದು ಅಂದ್ಕೊಂಡೆ?"

"ನಿಮ್ ಮದ್ದೇ. ನಿಮ್ ಮದ್ದು ಸುಳ್ಳಲ್ಲ ಕಣ್ರಿ. ದಿಟವಾದ ಮದ್ದಾಗಿರೋದ್ಕೇ ಈ ಹುಳ ಸತ್ತಿರಾದು. ಹೇನು ಸಾಯೋ ನೀರಿಗೆ ರೇಷ್ಮೆ ಹುಳ ಬದುಕ್ತದಾ? ಗಾಳಿಗೆ ಹಾರಿ ಸೊಪ್ಪಿನ ಮ್ಯಾಲೆ ಬಿದ್ದದೆ. ಈ ಮಗುಗೆ ಯಾಕೆ ಮೈಲಿಗೆ ಕಟ್ತೀರಿ?"

"ಸುಮ್ಕಿರೇ. ಹೊಗೆಸೊಪ್ಪು ನಾನು ದಿನಾ ಬಾಯಲ್ಲಾಕ್ಕೊಂತೀನಿ. ನಾನು ಸತ್ತಿದೀನಾ? ನಮ್ಮಪ್ಪನ ಕಾಲದ ಮದ್ದು, ಯಾರನ್ನೂ ಕೊಂದಿಲ್ಲ."

"ಹಂಗಾದ್ರೆ ತಿನ್ಲಿ ಬುಡಿ," ಎಂದು ಅವಳು ಕೈಲಿದ್ದ ಸೊಪ್ಪನ್ನು ತಟ್ಟೆಯ ಮೇಲೆ ಹರಡಿದಳು.

"ಬ್ಯಾಡ ಅತ್ತೆ, ಅವೂ ಸತ್ತೋಯ್ತವೆ," ಮೋನಿಕಾ ಮುಂದೆ ಬಂದಳು. "ನಾನು ಊರಿಗೆ ಹೋಯ್ತೀನಿ ಬಿಡಿ. ಹುಳಾನ ಯಾಕೆ ಕೊಲ್ಬೇಕು?"

"ನೀನು ಅಲ್ಲೇ ನಿಲ್ಲು." ಕೊಲ್ಲಾಪುರಮ್ಮನ ಕಣ್ಣು ಗಂಡನ ಮೇಲೇ ಇತ್ತು. "ಮದ್ದಲ್ಲಿ ಏನೂ ಇಲ್ಲ ಅಂತ ನಿಮ್ ಮಾವನೇ ಹೇಳ್ತಾವ್ರಲ್ಲ."

ಹುಳುಗಳು ಹಸಿದಿದ್ದವು. ಒಂದು ಮೆಲ್ಲಗೆ ತಲೆ ಎತ್ತಿ ಹೊಸ ಎಲೆಯ ಅಂಚನ್ನು ಮುಟ್ಟಿತು. ಅದರ ಹಿಂದೆ ಇನ್ನೊಂದು ಬಂತು. ಕದರಯ್ಯ ನೋಡಿದ, ಅತ್ತ ತಿರುಗಿದ, ಮತ್ತೆ ನೋಡಿದ. ಆಮೇಲೆ ಅವನ ಕೈ ತಾನಾಗಿ ಮುಂದೆ ಹೋಗಿ ಸೊಪ್ಪನ್ನೆಲ್ಲ ಬಾಚಿ ತೆಗೆದು ಅಂಗಳಕ್ಕೆ ಎಸೆಯಿತು.

ಮುತ್ತುರಾಜ್ ಮೊದಲ ಸಲ ಚಪ್ಪಲಿಯಿಂದ ಕಣ್ಣೆತ್ತಿ ಅಪ್ಪನನ್ನು ನೋಡಿದ. ಆಮೇಲೆ ಒಳಗೆ ಹೋಗಿ, ಹೆಂಡತಿ ತುಂಬಿದ್ದ ಬ್ಯಾಗನ್ನು ಮಂಚದ ಮೇಲೆ ಸುರಿದು, ಬರಿದು ಬ್ಯಾಗನ್ನು ಅಟ್ಟಕ್ಕೆ ಎಸೆದ. ಇಷ್ಟಾದರೂ ಬುದ್ಧಿ ಬಂತಲ್ಲ ಎಂದುಕೊಂಡಳು ತಾಯಿ.

ಬೆಳಗ್ಗೆ ಎದ್ದು ನೋಡಿದರೆ ಕದರಯ್ಯ ಹಾಸಿಗೆಯಲ್ಲಿರಲಿಲ್ಲ. ಅವನು ಅವರೆ ಹೊಲದಲ್ಲಿ ಬಗ್ಗಿ, ಹೂವು ತುಂಬಿದ ಗಿಡಗಳನ್ನು ಸಾಲು ಹಿಡಿದು ಬೇರುಸಮೇತ ಕೀಳುತ್ತಿದ್ದ. ಕೊಲ್ಲಾಪುರಮ್ಮನಿಗೆ ರೇಗಿಹೋಯಿತು. ಸೊಗಡಿನ ಅವರೆ, ಅವಳು ವರ್ಷವಿಡೀ ಕಾಯುವುದು ಅದಕ್ಕೇ. ಈ ಗಂಡಸಿಗೆ ಮಾಡಿದರೆ ಅತಿ, ಬಿಟ್ಟರೆ ಅತಿ.

"ಕಷಾಯ ಬಿದ್ದ ಹಿಪ್ಪುನೇರಳೆ ಕಡ್ಡಿ ಕುಯ್ದು ಬಿಸಾಕುದ್ರೆ ಸಾಲ್ದಾ? ಅವರೆ ಏನ್ ಮಾಡಿತ್ತು ನಿಮಗೆ?"

"ಇದು ಇಲ್ಲಿದ್ರೆ ಮತ್ತೆ ಹೇನು ಬತ್ತದೆ. ಹೇನು ಬಂದ್ರೆ ನನ್ ಕೈ ಸುಮ್ಕಿರಕಿಲ್ಲ," ಎಂದ ಅವನು ಮುಖ ಎತ್ತದೆ. ಇನ್ನೊಂದು ಗಿಡ ಕಿತ್ತು, ಬೇರಿನ ಮಣ್ಣನ್ನು ಬಹಳ ಹೊತ್ತು ಕೊಡವಿದ. "ಆ ಎಮ್ಮೆ ಇತ್ತಲ್ಲ... ಗೊಟ್ಟ ಎತ್ತಿದ್ದೂ ನಾನೇ, ಹಗ್ಗ ಹಿಡ್ಕೊ ಅಂತ ಕರೆದಿದ್ದೂ ನಾನೇ. ನನ್ ಕೈಯಿಂದ್ಲೇ ಸತ್ತಿದ್ದು ಅಂತ ಅವತ್ತೇ ಗೊತ್ತಿತ್ತು ಕಣೆ."

ಕೊಲ್ಲಾಪುರಮ್ಮ ಅವನ ಕೈಯಿಂದ ಗಿಡ ಕಿತ್ತುಕೊಂಡಳು.

"ಗೊತ್ತಿದ್ದೂ ನನ್ನ ಕಳಿಸುದ್ರಾ?"

"ಹೂಂ. ಅವ್ವನ ಮುಂದೆ ಬಾಯಿ ಬರ್ಲಿಲ್ಲ."

ಅವಳಿಗೆ ಅಳು ಬರಲಿಲ್ಲ. ಇಷ್ಟು ವರ್ಷ ಯಾವ ಗುಟ್ಟನ್ನು ಅವನಿಂದ ಮುಚ್ಚಿಟ್ಟು ಅವನ ಮುಖ ಉಳಿಸಿದ್ದೇನೆ ಎಂದುಕೊಂಡಿದ್ದಳೋ, ಅದು ಮೊದಲ ದಿನದಿಂದ ಅವನ ಬಳಿಯೇ ಇತ್ತು. ತವರಿನ ಬಾಗಿಲಲ್ಲಿ ಕೂತು ಬಸ್ಸಿನ ಸದ್ದು ಕೇಳಿದಾಗಲೆಲ್ಲ ತಲೆ ಎತ್ತುತ್ತಿದ್ದ ಆ ಹೊಸ ಹೆಂಡತಿ ನೆನಪಾದಳು. ತಾನೇ ಪಾಪಿಯೇನೋ ಎಂದು ಆ ಹುಡುಗಿ ಅರ್ಧ ನಂಬಿಯೂ ಇದ್ದಳು... ಅವಳಿಗಾಗಿ ಕೊಲ್ಲಾಪುರಮ್ಮನಿಗೆ ಬಹಳ ಸಂಕಟವಾಯಿತು.

ಮನೆಗೆ ಬಂದು ಎರಡು ಸೀರೆ ಚೀಲಕ್ಕೆ ಹಾಕಿದಳು. "ಮುತ್ತ, ಗಾಡಿ ತೆಗಿಯೋ. ಬಸ್‌ಸ್ಟ್ಯಾಂಡಿಗೆ ಬುಡು. ಬೆಳ್ಳಾವಿಲಿ ನಮ್ಮಣ್ಣನ ಮನೇಲಿ ಇದ್ದು ಬರ್ತೀನಿ."

"ಅತ್ತೆ, ನನ್ನಿಂದ ನೀವ್ ಹೋಗ್ಬೇಡಿ," ಎಂದು ಮೋನಿಕಾ ಚೀಲ ಹಿಡಿದಳು.

"ನಿನ್ನಿಂದ ಅಲ್ಲ ಕಣ್ ಮಗ. ಅವತ್ತು ಕಳಿಸುದ್ರು ಅಂತ ಹೋದೆ. ಒಂದ್ ಸಲ ನಾನಾಗಿ ಹೋಗ್ಬೇಕು. ಉಳಿದಿರೋ ಹುಳ ನೋಡ್ಕೊ. ಸೊಪ್ಪು ತರಕ್ಕೆ ನಿಮ್ ಮಾವನ್ನ ಕರ್ಕೊ. ಮುಟ್ಟಾದ್ರೂ ಬಾಗ್ಲು ನಿಂದೇ. ಬಾಯಿ ತೊಳೀದೆ ಅವ್ರನ್ನ ಒಳಕ್ಕೆ ಬುಡ್ಬೇಡ."

ಹೊಲದಿಂದ ಬಂದ ಕದರಯ್ಯ ಚೀಲ ನೋಡಿದ. ಸೊಂಟದಿಂದ ಹೊಗೆಸೊಪ್ಪಿನ ಸಂಚಿ ಬಿಚ್ಚಿ ಜಗುಲಿಯ ಗೂಡಿನಲ್ಲಿಟ್ಟ. ನಲ್ಲಿಯ ಹತ್ತಿರ ಹೋಗಿ ಬಾಯಿ ಮುಕ್ಕಳಿಸಿದ, ಬಕೆಟ್ಟಿನಲ್ಲಿ ಕೈಕಾಲು ತೊಳೆದ. ಹುಳದ ಮನೆಯ ಗೋಣಿತಾಟಿನ ಮುಂದೆ ನಿಂತು ಸೊಸೆಯ ಕಡೆ ತಿರುಗಿದ.

"ಒಳಕ್ ಬರ್ಲೇನವ್ವ?"

ಮೋನಿಕಾ ತಾಟು ಸರಿಸಿ ದಾರಿ ಬಿಟ್ಟಳು. ಆದರೆ ಅವನು ಒಳಗೆ ಹೋಗದೆ, ಏನೋ ನೆನಪಾದವನಂತೆ ಹಿತ್ತಿಲ ಕಡೆಗೆ ಓಡಿದ. ಮುತ್ತುರಾಜ್ ಬೈಕು ಸ್ಟಾರ್ಟ್ ಮಾಡಿ ಅಮ್ಮನನ್ನು ಹಿಂದೆ ಕೂರಿಸಿಕೊಳ್ಳುವಷ್ಟರಲ್ಲಿ ಏದುಸಿರು ಬಿಡುತ್ತ ಬಂದು ಅಡ್ಡ ನಿಂತ. ಕೈಯಲ್ಲಿ ಒಂದು ಹಿಡಿ ಎಕ್ಕದ ಎಲೆ, ಹರಳೆಣ್ಣೆಯ ಸಣ್ಣ ಬಾಟಲಿ.

"ಯಾವಾಗ ಬತ್ತೀಯೇ?"

"ಸಂಕ್ರಾಂತಿ ಕಳೀಲಿ," ಎಂದಳು ಕೊಲ್ಲಾಪುರಮ್ಮ. "ಆಮೇಲೆ ನೋಡನ."

ಅವನು ತಲೆ ತಗ್ಗಿಸಿ, ಎಲೆಯನ್ನೂ ಬಾಟಲಿಯನ್ನೂ ಅವಳ ಮುಂದೆ ಹಿಡಿದ. ಬೇಡ ಎನ್ನಬೇಕೆಂದು ಅವಳ ಬಾಯಿಗೆ ಬಂದಿತ್ತು. ಆದರೂ ತೆಗೆದುಕೊಂಡು ಚೀಲದಲ್ಲಿ ಸೀರೆಗೆ ತಾಗದಂತೆ ಇಟ್ಟುಕೊಂಡಳು. ಮಂಡಿನೋವಿಗೆ ಅದು ನಿಜವಾಗಿಯೂ ಕೆಲಸ ಮಾಡುತ್ತಿತ್ತು.