ಹತ್ತು ದಿನ ಮುರಿಯದ ತುಂಡು

"ರೆಕ್ಕೆ ತಾನಾಗೇ ಮುರಿಯತ್ತಾ ಸಾರ್? ಕ್ಲಬ್‌ನೋರು ನನ್ನ ತಮ್ಮಂದೇ ತಪ್ಪು ಅಂತ ಬರೆದು ಕೈತೊಳ್ಕೊಂಡಿದ್ದಾರೆ. ಅವನಿಗಿನ್ನೂ ಬಾಯಿ ಬಿಡೋಕಾಗ್ತಿಲ್ಲ!"

ಮಾರ್ಚ್ ಹನ್ನೆರಡು, ಬೆಳಿಗ್ಗೆ 10.30. ಅಕ್ಕನ ದೂರಿನ ಮೇಲೆ ಎಫ್‌ಐಆರ್ ದಾಖಲಾಯಿತು. ಹಿಂದಿನ ಸಂಜೆ, ವಿಂಚ್ ಯಂತ್ರ ಹಗ್ಗದಿಂದ ಎಳೆದು ಮೇಲೇರಿಸುತ್ತಿದ್ದ, ತಮ್ಮನಿದ್ದ ಎಂಜಿನ್‌ರಹಿತ ಗ್ಲೈಡರ್ ಆರು ಮಹಡಿ ಎತ್ತರದಲ್ಲಿ ರೆಕ್ಕೆ ಮುರಿದು ಬಿದ್ದಿತ್ತು. ಇನ್ಸ್‌ಪೆಕ್ಟರಿಗೆ ಕೂತಲ್ಲಿ ಕೂರಲಾಗಲಿಲ್ಲ. ಅರ್ಧ ಕುಡಿದ ಚಹಾ ಬಿಟ್ಟು ಕಾನ್‌ಸ್ಟೇಬಲ್ ಜೊತೆ ಜೀಪು ಹತ್ತಿದರು.

12.15ಕ್ಕೆ ಕ್ಲಬ್‌ನ ಮೈದಾನ. ತರಬೇತುದಾರ ಹಗ್ಗದ ತುದಿ ತೋರಿಸಿದ.

"ಹಗ್ಗಕ್ಕೂ ಗ್ಲೈಡರಿಗೂ ನಡುವೆ ಒಂದು ಲೋಹದ ತುಂಡು ಇರತ್ತೆ ಸಾರ್. ಎಳೆತ ಮಿತಿಮೀರಿದ್ರೆ ಅದು ಮುರೀಬೇಕು, ರೆಕ್ಕೆ ಉಳೀಬೇಕು."

"ನಿನ್ನೆ ಮುರೀತಾ?"

"ಇಲ್ಲ. ಅಂದ್ಮೇಲೆ ಎಳೆತ ಸರಿಯಾಗೇ ಇತ್ತು. ಹುಡುಗ ಗಾಬರಿಯಾಗಿ ಗ್ಲೈಡರಿನ ಮೂಗು ಎತ್ತಿಬಿಟ್ಟ."

ಇನ್ಸ್‌ಪೆಕ್ಟರ್ ನಿಂತೇ ರಿಜಿಸ್ಟರ್ ತಿರುವಿದರು. ಒಂದು ಹಾಳೆಯಲ್ಲಿ ಬೆರಳು ನಿಂತಿತು.

"ಫೆಬ್ರವರೀಲಿ ಹನ್ನೊಂದು ಸಲ ಮುರಿದಿದೆ. ಮಾರ್ಚ್‌ನಲ್ಲಿ ಹತ್ತು ದಿನ ಒಂದೂ ಇಲ್ಲ. ಯಂತ್ರ ಬದಲಾಯಿಸಿದ್ರಾ?"

"ಇಲ್ಲ ಸಾರ್."

"ನಡೆಸೋರನ್ನ?"

"ಇಲ್ಲ, ಅದೇ ನಮ್ಮ ಕತ್ತರಿ ಮಾವ! ಅವರ ಕೈಲಿ ಪದೇಪದೇ ಮುರೀತಿತ್ತಲ್ಲ, ಅದಕ್ಕೇ ನಮ್ಮೋರೆಲ್ಲ ನಗ್ತಾ ಹಾಗೆ ಕರೀತಾರೆ..." ನಗಲು ಹೋದವನು ಕಾನ್‌ಸ್ಟೇಬಲ್ ಮುಖ ನೋಡಿ ಯಂತ್ರದ ಕಡೆ ಕೈ ತೋರಿಸಿದ.

ಇಬ್ಬರು ಪಂಚರ ಮುಂದೆ ಹಗ್ಗದ ತುದಿಯ ಉಕ್ಕಿನ ಕವಚ ಬಿಚ್ಚಲಾಯಿತು. ಸುಲಭವಾಗಿ ಮುರಿಯುವ ಆ ತುಂಡು, ತೂತಿರುವ ತೆಳು ಪಟ್ಟಿ, ಇರಬೇಕಾದ ಜಾಗದಲ್ಲಿ ಹೆಬ್ಬೆರಳು ಗಾತ್ರದ ಕಬ್ಬಿಣದ ಬೋಲ್ಟ್. ಪಂಚನಾಮೆ ಮುಗಿದಾಗ 2.05.

ಇಪ್ಪತ್ತೆರಡು ವರ್ಷದಿಂದ ವಿಂಚ್ ನಡೆಸುತ್ತಿದ್ದ ಕತ್ತರಿ ಮಾವ ಯಂತ್ರದ ಪಕ್ಕದಲ್ಲೇ ಕೂತಿದ್ದರು.

"ಇದನ್ನ ಹಾಕಿದ್ಯಾರು?"

"ನಾನೇ."

"ಏನಾಗತ್ತೆ ಅಂತ ಗೊತ್ತಿರಲಿಲ್ವಾ?"

"ಗೊತ್ತಿಲ್ದೆ ಏನು ಸಾರ್? ಇಲ್ಲಿ ಎಲ್ಲರಿಗೂ ಹೇಳಿಕೊಟ್ಟೋನೇ ನಾನು." ಬಲಗೈಯನ್ನು ಎಡಗೈಯಲ್ಲಿ ಎತ್ತಿ ತೊಡೆಯ ಮೇಲಿಟ್ಟುಕೊಂಡರು. "ಒಂದು ವರ್ಷವಾಯ್ತು, ಈ ಬೆರಳುಗಳಿಗೆ ಸ್ಪರ್ಶಾನೇ ಇಲ್ಲ. ಎಳೆತ ಹೆಚ್ಚಿಸೋ ಲಿವರ್ ಎಷ್ಟು ತಳ್ತಿದೀನಿ ಅಂತ ತಿಳಿಯಲ್ಲ. ಬಾಯಿಬಿಟ್ಟಿದ್ರೆ ಮಾರನೇ ದಿನಾನೇ ಮನೆಗೆ ಕಳಿಸೋರು."

3.40ಕ್ಕೆ ಬಂಧನ. ಅವರಿಗೆ ಯಾರ ಮೇಲೂ ದ್ವೇಷವಿರಲಿಲ್ಲ. ತುಂಡು ಮುರಿದಾಗಲೆಲ್ಲ ಏಳುತ್ತಿದ್ದ ನಗು ನಿಂತರೆ ಸಾಕಿತ್ತು.

"ಅವನಕ್ಕನಿಗೆ ಹೇಳಿ ಸಾರ್, ಹುಡುಗ ಸರಿಯಾಗೇ ಹಾರಿಸಿದ್ದ."

"ನೀವೇ ಬರೆದುಕೊಡಿ," ಎಂದರು ಇನ್ಸ್‌ಪೆಕ್ಟರ್.

ಅವರು ಎರಡು ಸಾಲು ಬರೆದರು. ಮೂರನೆಯದರಲ್ಲಿ ಪೆನ್ನು ಜಾರಿ ಹುಲ್ಲಿಗೆ ಬಿತ್ತು. ಅದು ತಿಳಿಯದೆ ಬರಿಗೈ ಕಾಗದದ ಮೇಲೆ ಓಡುತ್ತಲೇ ಇತ್ತು. ಕಾನ್‌ಸ್ಟೇಬಲ್ ಬಗ್ಗಿ ಪೆನ್ನನ್ನು ಎತ್ತಿಕೊಟ್ಟ.