ಸದ್ದಡಗಿದ ತೋರಣ

ಧಡಾರ್!

ಹೊಲಿಗೆ ಯಂತ್ರದ ಮೇಲಿದ್ದ ಕತ್ತರಿ ಜಾರಿ ನೆಲಕ್ಕೆ ಬಿತ್ತು. ಬೆಳಗ್ಗೆ ಹನ್ನೊಂದೂಕಾಲು. ಪಂಕ್ಚರ್ ಅಂಗಡಿಯ ಮೇಲಿನ ಕೋಣೆಯಲ್ಲಿ ಶಾಲಾ ಮಕ್ಕಳ ಅಂಗಿಗೆ ಕಾಲರ್ ಕೂರಿಸುತ್ತಿದ್ದವಳು ಅರ್ಧ ಹೊಲಿದದ್ದನ್ನು ಅಲ್ಲಿಯೇ ಬಿಟ್ಟು ಮೆಟ್ಟಿಲಿಳಿದು ಓಡಿದಳು.

ರೈಲು ಸೇತುವೆಯ ಕೆಳಗೆ ಹತ್ತಿಮೂಟೆಯ ಲಾರಿಯೊಂದು ತಲೆ ಸಿಕ್ಕಿಸಿಕೊಂಡು ನಿಂತಿತ್ತು. ಮೇಲಿನ ಚೌಕಟ್ಟು ಹಪ್ಪಳವಾಗಿತ್ತು. ರಸ್ತೆಯ ತುಂಬ ಹತ್ತಿ. ಸೇತುವೆಯ ಉಕ್ಕಿನ ತೊಲೆಯೊಂದು ಬಾಗಿತ್ತು. ಹಳಿ ಕಾಯುವವನು ಕೆಂಪು ಬಾವುಟ ಹಿಡಿದು ಎದ್ದೆನೋ ಬಿದ್ದೆನೋ ಎಂದು ಓಡಿದ್ದರಿಂದ ಪ್ಯಾಸೆಂಜರ್ ರೈಲು ಸ್ವಲ್ಪ ದೂರದಲ್ಲೇ ಏದುಸಿರು ಬಿಡುತ್ತ ನಿಂತಿತು. ಇನ್ನೆರಡು ನಿಮಿಷ ತಡವಾಗಿದ್ದರೆ? ಯಾರೂ ಆ ಮಾತನ್ನು ಪೂರ್ತಿ ಮಾಡಲಿಲ್ಲ.

"ತೋರಣ ಬಡೀಲೇ ಇಲ್ಲ! ದೇವರಾಣೆ ಬಡೀಲಿಲ್ಲ!" ಮುರಿದ ಕೈ ಹಿಡಿದುಕೊಂಡು ಡ್ರೈವರ್ ಅರಚುತ್ತಿದ್ದ.

ತೋರಣವೆಂದರೆ ಹಬ್ಬದ್ದಲ್ಲ. ಸೇತುವೆಗೆ ಇನ್ನೂರು ಹೆಜ್ಜೆ ಮೊದಲೇ, ರಸ್ತೆಯ ತಿರುವಿನಾಚೆ, ಎರಡು ಕಂಬ ನೆಟ್ಟು, ಮೇಲೊಂದು ತೊಲೆ ಹಾಕಿ, ಎಂಟು ಕಬ್ಬಿಣದ ಪಟ್ಟಿಗಳನ್ನು ಸರಪಳಿಯಲ್ಲಿ ಇಳಿಬಿಟ್ಟಿದ್ದರು. ಪಟ್ಟಿಗಳ ತುದಿಯೂ ಸೇತುವೆಯ ತಳವೂ ಒಂದೇ ಎತ್ತರ. ಅದಕ್ಕಿಂತ ಎತ್ತರದ ಲಾರಿ ಬಂದರೆ ಪಟ್ಟಿಗಳು ಓಣಿಗೆಲ್ಲ ಕೇಳುವಂತೆ ಟಣಟಣ ಎನ್ನುತ್ತವೆ. ಡ್ರೈವರ್ ನಿಲ್ಲಿಸುತ್ತಾನೆ. ಕೂದಲೆಳೆಯಷ್ಟು ವ್ಯತ್ಯಾಸವಿದ್ದರೆ ಪಂಕ್ಚರ್ ಅಂಗಡಿಯಲ್ಲಿ ಟೈರಿನ ಗಾಳಿ ಇಳಿಸಿಕೊಂಡು ನುಸುಳುತ್ತಾನೆ. ಇಲ್ಲವೇ ಹಿಂದೆ ಸರಿದು ದೂರದ ರೈಲ್ವೆ ಗೇಟಿನ ದಾರಿ ಹಿಡಿಯುತ್ತಾನೆ.

ಪೊಲೀಸಿನವನು ಉದ್ದನೆಯ ಬಿದಿರು ತಂದು ಪಟ್ಟಿಗಳಿಗೆ ಬಡಿದ. ಟಣ್! ಟಣ್! ಜನ ಗೊಳ್ಳೆಂದು ನಕ್ಕರು.

"ಏನಪ್ಪಾ, ನಿದ್ದೆ ಚೆನ್ನಾಗಿತ್ತಾ?" ಎಂದು ಪೊಲೀಸಿನವನು ಡ್ರೈವರನನ್ನು ಜೀಪಿಗೆ ಹತ್ತಿಸಿದ.

ಅವಳು ನಗಲಿಲ್ಲ. ಆ ಟಣ್ ಎಂಬ ಸದ್ದಿಗೆ ಅವಳ ಕಾಲುಗಳು ತಾವಾಗಿಯೇ ಎರಡು ಹೆಜ್ಜೆ ಮುಂದೆ ಹೋಗಿದ್ದವು. ನಾಚಿಕೆಯಾಗಿ ನಿಂತಳು.

* * *

ಮಧ್ಯಾಹ್ನ ರೈಲ್ವೆಯ ಸೇತುವೆ ಇನ್ಸ್‌ಪೆಕ್ಟರ್ ಬಂದರು. ಕಡ್ಡಿಯಂಥ ಮನುಷ್ಯ, ಕೈಯಲ್ಲಿ ತಮಗಿಂತ ಎರಡು ಪಾಲು ಉದ್ದದ ಅಳತೆಗೋಲು. ಆ ಭಾಗದಲ್ಲಿ ಅವರಿಗೆ ಅಳತೆ ಸಾಹೇಬರೆಂದೇ ಹೆಸರು. ಸೇತುವೆ ಅಳೆದರು. ತೋರಣ ಅಳೆದರು. ಲಾರಿ ಅಳೆದರು. ಲಾರಿ ಒಂದು ಗೇಣು ಹೆಚ್ಚಿತ್ತು.

"ಅಂದ್ಮೇಲೆ ತೋರಣಕ್ಕೆ ತಗುಲಲೇಬೇಕು," ಎಂದು ಕಂಬಕ್ಕೆ ಹೇಳಿದರು. ಮನುಷ್ಯರಿಗಿಂತ ಕಬ್ಬಿಣದ ಜೊತೆಗೇ ಅವರಿಗೆ ಮಾತು ಜಾಸ್ತಿ.

ಲಾರಿಯ ಮುಂಚೌಕಟ್ಟಿನ ಮೇಲೆ ಎಂಟು ಗೀರುಗಳಿದ್ದವು. ಕಪ್ಪು ಗೀರುಗಳು. ಸಾಹೇಬರು ಅವನ್ನು ಉಗುರಿನಿಂದ ಕೆರೆದು ಮೂಸಿದರು. ಆಮೇಲೆ ಏಣಿ ತರಿಸಿ ತೋರಣದ ಪಟ್ಟಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿ, ಬೆಳ್ಳಗಾದ ಬೆರಳ ತುದಿ ಬೆಳಕಿಗೆ ಹಿಡಿದರು.

"ಕಬ್ಬಿಣಕ್ಕೆ ಯಾರಪ್ಪಾ ಪೌಡರ್ ಹಚ್ಚಿದ್ದು? ಮದುವೆಗೆ ಹೊರಟಿತ್ತಾ?"

ಅವರು ನೇರವಾಗಿ ಎದುರಿನ ಚಹಾದಂಗಡಿಗೆ ನಡೆದರು.

ಚಹಾದಂಗಡಿಯವನ ಮೇಲೆ ಎಲ್ಲರಿಗೂ ಅನುಮಾನವಿತ್ತು. ಒಂದು ವರ್ಷದ ಹಿಂದಷ್ಟೇ ಅಂಗಡಿ ಇಟ್ಟವನು, ತೋರಣದ ಸದ್ದಿಗೆ ತಲೆ ಸಿಡಿಯುತ್ತದೆಂದು ನಾಲ್ಕು ಅರ್ಜಿ ಗುಜರಾಯಿಸಿದ್ದ.

"ಅರ್ಜಿ ಹಾಕಿದ್ದು ನಿಜ ಸಾರ್. ಅದಕ್ಕೇ ಅಲ್ವಾ ಈಚೆಗೆ ಸದ್ದು ನಿಲ್ಲಿಸಿದ್ರಿ?"

"ನಾವು ನಿಲ್ಲಿಸಿದ್ವಾ?"

"ಮತ್ತೆ? ದಿನಕ್ಕೆ ಎರಡು ಸಲ ಬಡೀತಿದ್ದದ್ದು ಬಂದ್ ಆಯ್ತು. ಸರ್ಕಾರಕ್ಕೂ ಕಿವಿ ಇದೆ ಅಂದ್ಕೊಂಡೆ."

"ಎಷ್ಟು ದಿನದಿಂದ?"

"ಲೆಕ್ಕ ಇಟ್ಟಿಲ್ಲ."

"ಹನ್ನೆರಡು ದಿನ," ಎಂದಳು ಅವಳು. ಪಾತ್ರೆ ಹಿಡಿದು ಹಾಲು ಕೇಳಲು ಬಂದಿದ್ದವಳು, ಬಾಯಿ ತಪ್ಪಿ ಬಂದ ಮಾತು.

ಸಾಹೇಬರು ತಿರುಗಿ ನೋಡಿದರು. "ಅಷ್ಟು ಕರಾರುವಾಕ್ಕಾಗಿ ಹೇಗಮ್ಮಾ ಗೊತ್ತು?"

ಅವಳು ಸೆರಗಿನ ಚುಂಗು ತಿರುಚಿದಳು. ಹೇಳಬಾರದೆಂದುಕೊಂಡಳು. ಆದರೆ ಮೂರು ವರ್ಷಗಳಿಂದ ಯಾರೂ ಅವಳನ್ನು ಕೇಳಿರಲಿಲ್ಲ. ಕೇಳಿದವರಿದ್ದರೆ ಹೇಳಿಬಿಡಬೇಕೆಂದು ಅವಳ ಜೀವ ಕಾದಿತ್ತು.

"ನಾನು ಆ ಸದ್ದಿಗೆ ಕಾಯ್ತಾ ಕೂತಿರ್ತೀನಿ ಸಾರ್."

ಎಲ್ಲವನ್ನೂ ಹೇಳಿದಳು. ಅವಳ ಗಂಡ ಲಾರಿ ಡ್ರೈವರ್. ಮೂರು ವರ್ಷದ ಹಿಂದೆ ಪಂಕ್ಚರ್ ಅಂಗಡಿ ನಡೆಸುವ ಅವಳ ಅಣ್ಣನಿಗೂ ಅವನಿಗೂ ಅಂಗಡಿಯ ಮುಂದೆ ಮಾತಿಗೆ ಮಾತು ಬೆಳೆದು, "ನನ್ನ ಹೊಸ್ತಿಲು ತುಳೀಬೇಡ" ಎಂದು ಅಣ್ಣ ಅಂದುಬಿಟ್ಟಿದ್ದ. ಅವಳು ಮೆಟ್ಟಿಲ ಮೇಲೆ ನಿಂತಿದ್ದಳು. ಇಳಿಯಲಿಲ್ಲ. ಅಣ್ಣನನ್ನು ಬಿಟ್ಟು ಹೋಗಲೂ ಆಗದೆ, ಗಂಡನನ್ನು ಕರೆಯಲೂ ಆಗದೆ ಕಲ್ಲಾಗಿ ನಿಂತಿದ್ದಳು. ಗಂಡ ತಲೆಯೆತ್ತಿ ಹೇಳಿದ್ದು ಅಷ್ಟೇ: "ಬರ್ತೀನಿ. ನಿಮ್ಮ ಮೆಟ್ಟಿಲು ಮಾತ್ರ ಹತ್ತಲ್ಲ. ತೋರಣಕ್ಕೆ ಮೂರು ಏಟು ಹೊಡೀತೀನಿ. ಮನಸ್ಸಿದ್ರೆ ಇಳಿದು ಬಾ." ಟೈರು ಬಿಚ್ಚುವ ಸ್ಪ್ಯಾನರನ್ನು ಅಂಗಡಿಯಿಂದ ಎತ್ತಿಕೊಂಡು ಹೋದ, ಬಾಯಿಯ ಒಂದು ಮಗ್ಗುಲು ಮುರಿದಿದ್ದ ಹಳೆಯದನ್ನು. ಅದರ ಮೊಳೆ ಇನ್ನೂ ಗೋಡೆಯಲ್ಲಿ ಖಾಲಿ ಇದೆ.

"ಮೂರು ಏಟಿಗೆ ಇಳೀಬೇಕು ತಾನೆ? ಎಲ್ಲಾ ಸದ್ದಿಗೂ ಯಾಕೆ ಓಡ್ತೀರಿ?"

"ಮೊದಲನೇ ಏಟು ಕೇಳಿದಾಗ ಎರಡನೆಯದು ಬರುತ್ತೋ ಇಲ್ವೋ ಅಂತ ಕೂತು ಎಣಿಸೋಕಾಗುತ್ತಾ ಸಾರ್?"

ಅಳತೆ ಸಾಹೇಬರು ಚಹಾ ಲೋಟವನ್ನೇ ನೋಡಿದರು. ಅದರಲ್ಲಿ ಅಳೆಯುವಂಥದ್ದೇನೂ ಇರಲಿಲ್ಲ.

* * *

ಅವಳ ಅಣ್ಣನನ್ನು ಓಣಿಯವರು ಪಂಕ್ಚರಣ್ಣ ಎನ್ನುತ್ತಿದ್ದರು. ಯಾರಿಗೂ ಕೆಡುಕು ಬಯಸದ ಜೀವ. ಅವನ ಮೇಲೆ ಯಾರಿಗೂ ಅನುಮಾನವಿರಲಿಲ್ಲ. ತೋರಣ ಬಡಿದರೆ ಲಾಭವಾಗುವುದು ಅವನೊಬ್ಬನಿಗೇ. ಗಾಳಿ ಇಳಿಸಿಕೊಳ್ಳಲು ಲಾರಿಗಳು ಸಾಲುಗಟ್ಟುತ್ತಿದ್ದುದು ಅವನ ಬಾಗಿಲಿಗೆ.

"ಅಪಘಾತ ಆದಾಗ ಎಲ್ಲಿದ್ದಿರಿ?" ಸಾಹೇಬರು ಕೇಳಿದರು.

"ಇಲ್ಲೇ. ಟ್ಯೂಬು ನೀರಿಗೆ ಹಾಕಿದ್ದೆ."

"ಆಮೇಲೆ?"

"ಜಾಕಿ ತಗೊಂಡು ಸೇತುವೆ ಹತ್ರ ಓಡಿದೆ."

"ಓಡಿದ್ರಾ?"

ಅಣ್ಣ ಬೋಗುಣಿಯ ನೀರಿನಲ್ಲಿ ಟ್ಯೂಬು ಮುಳುಗಿಸಿದ. ಗುಳ್ಳೆ ಬರಲಿಲ್ಲ. ಆ ಟ್ಯೂಬಿನಲ್ಲಿ ತೂತೇ ಇರಲಿಲ್ಲ. ಅವಳು ಅದನ್ನು ಗಮನಿಸಿದಳು.

* * *

ಮರುದಿನ ಬೆಳಗ್ಗೆ ಸಾಹೇಬರು ಅಂಗಡಿಯ ಮುಂದೆ ಪೊಲೀಸಿನವನನ್ನೂ ಚಹಾದಂಗಡಿಯವನನ್ನೂ ಕರೆಸಿದರು. ಕೈಗೆ ಪಟ್ಟಿ ಕಟ್ಟಿಕೊಂಡ ಡ್ರೈವರನೂ ಬಂದಿದ್ದ. ಒಂದೇ ರಾತ್ರಿಯಲ್ಲಿ ಅವನ ಮುಖ ಇಳಿದುಹೋಗಿತ್ತು. ಲೈಸೆನ್ಸ್ ಹೋದರೆ ಅವನ ಮನೆಯ ಒಲೆ ಆರಿದಂತೆಯೇ.

"ಈತ ಸುಳ್ಳು ಹೇಳ್ತಿಲ್ಲ," ಎಂದು ಸಾಹೇಬರು ಶುರು ಮಾಡಿದರು. "ಲಾರಿ ತೋರಣಕ್ಕೆ ತಗುಲಿದೆ. ಎಂಟು ಪಟ್ಟಿ, ಎಂಟು ಗೀರು. ಕಬ್ಬಿಣ ಕಬ್ಬಿಣಕ್ಕೆ ಉಜ್ಜಿದ್ರೆ ಗೀರು ಹೊಳೀಬೇಕು. ಇವು ಕಪ್ಪು. ಮೂಸಿ ನೋಡಿದೆ — ರಬ್ಬರ್. ಅಂದ್ರೆ ಪಟ್ಟಿಗಳಿಗೆ ಯಾರೋ ರಾತ್ರಿಯಲ್ಲಿ ರಬ್ಬರ್ ಚೀಲ ತೊಡಿಸಿದ್ರು, ಕೆಳಗಿಂದ ನೋಡಿದ್ರೆ ಕಪ್ಪಿಗೆ ಕಪ್ಪು. ತಗುಲಿತು, ಸದ್ದಾಗಲಿಲ್ಲ."

"ನಾನು ಬಿದಿರಲ್ಲಿ ಬಡಿದಾಗ ಟಣ್ ಅಂದಿತಲ್ಲ ಸಾರ್?" ಪೊಲೀಸಿನವನು ಕೇಳಿದ.

"ಅಷ್ಟರಲ್ಲಿ ಕಳಚಿದ್ರು. ಇಡೀ ಓಣಿ ಸೇತುವೆ ಕಡೆ ಓಡಿತ್ತು. ತೋರಣದ ಕಡೆ ಒಬ್ಬರೇ ಹೋದ್ರು. ಜಾಕಿ ಬಂದದ್ದು ಯಾವಾಗ?"

"ಇಪ್ಪತ್ತು ನಿಮಿಷ ಆದ್ಮೇಲೆ..." ಪೊಲೀಸಿನವನ ಮಾತು ಅರ್ಧದಲ್ಲೇ ನಿಂತಿತು. ಅವನ ಕಣ್ಣು ಅಂಗಡಿಯ ಒಳಗೆ ಹೋಯಿತು.

"ಅಂಗಡಿಯಿಂದ ಸೇತುವೆಗೆ ಎರಡು ನಿಮಿಷದ ದಾರಿ. ಇನ್ನು ಆ ಬಿಳಿ ಪೌಡರ್. ಅದು ಮುಖಕ್ಕೆ ಹಚ್ಚೋದಲ್ಲ, ಟ್ಯೂಬಿಗೆ ಹಚ್ಚೋದು, ಟೈರಿಗೆ ಅಂಟಬಾರದು ಅಂತ. ಎಲ್ಲರೂ ತೋರಣ ಸದ್ದು ಮಾಡುತ್ತಾ ಅಂತ ಕಿವಿಗೊಟ್ರು. ಅದರ ಮೈ ಮುಟ್ಟಿ ನೋಡಿದವರು ಯಾರೂ ಇಲ್ಲ." ಸಾಹೇಬರು ಅಳತೆಗೋಲನ್ನು ಗೋಡೆಗೆ ಒರಗಿಸಿದರು. "ಪಂಕ್ಚರಣ್ಣ, ನಿನ್ನೆ ತೂತಿಲ್ಲದ ಟ್ಯೂಬು ಹಿಡ್ಕೊಂಡು ಬೋಗುಣಿ ಕಾಯ್ತಾ ಕೂತಿದ್ರಿ. ಅದನ್ನ ಎತ್ತಿ."

ಅಣ್ಣ ಕದಲಲಿಲ್ಲ. ಅವಳೇ ಬಗ್ಗಿ ಬೋಗುಣಿ ಸರಿಸಿದಳು. ಕೆಳಗಿನ ಗುಂಡಿಯಲ್ಲಿ ಗೋಣಿಚೀಲ. ಚೀಲದಲ್ಲಿ ಉದ್ದುದ್ದ ಕತ್ತರಿಸಿದ ಎಂಟು ಟ್ಯೂಬಿನ ತುಂಡುಗಳು.

"ಯಾಕಣ್ಣಾ?"

ಪಂಕ್ಚರಣ್ಣ ಒದ್ದೆ ಕೈಯನ್ನು ಅಂಗಿಗೆ ಒರೆಸಿದ, ಮತ್ತೆ ಮತ್ತೆ ಒರೆಸಿದ. "ನೀನು ಓಡೋದನ್ನ ನೋಡೋಕಾಗ್ಲಿಲ್ಲ ಕಣೇ. ದಿನಕ್ಕೆ ಎರಡು ಸಲ, ಮೂರು ಸಲ. ಬರಿಗಾಲಲ್ಲಿ ಓಡ್ತೀಯ. ಯಾರ್ಯಾರದೋ ಲಾರಿಯೊಳಗೆ ಇಣುಕ್ತೀಯ. ಆಮೇಲೆ ಮೆಟ್ಟಿಲು ಹತ್ತುತ್ತೀಯಲ್ಲ, ಅದನ್ನ ನೋಡೋಕಾಗ್ಲಿಲ್ಲ. ಅವತ್ತು ಬಸ್ಸು ನಿನ್ನ ಸೆರಗು ಸವರಿಕೊಂಡು ಹೋಯ್ತು, ನಿನಗೆ ಗೊತ್ತೂ ಆಗ್ಲಿಲ್ಲ. ಸದ್ದಿಲ್ಲದಿದ್ರೆ ಮರೀತೀಯ ಅಂದ್ಕೊಂಡೆ. ಗಾಳಿ ಇಳಿಸೋ ಗಿರಾಕಿ ಹೋದ್ರೆ ಹೋಗ್ಲಿ ಅಂದ್ಕೊಂಡೆ. ಎತ್ತರದ ಲಾರಿಯವರಿಗೆಲ್ಲ ಈ ದಾರಿ ಗೊತ್ತಿದೆ, ಏನಾಗುತ್ತೆ ಅಂದ್ಕೊಂಡೆ..." ಡ್ರೈವರನ ಕಡೆ ತಿರುಗಿ ಕೈ ಜೋಡಿಸಿದ.

ಡ್ರೈವರ್ ಮುಖ ತಿರುಗಿಸಿದ. ಆದರೆ ಬೈಯಲಿಲ್ಲ.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಸಾಹೇಬರು ಎಂಟು ತುಂಡುಗಳನ್ನೂ ನೆಲದ ಮೇಲೆ ಸಾಲಾಗಿ ಹರಡಿ ಕುಕ್ಕರುಗಾಲಲ್ಲಿ ಕೂತರು. ಅವರಿಗೆ ಒಂದು ಅಳತೆ ತಾಳೆಯಾಗಿರಲಿಲ್ಲ.

"ಲಾರಿ ಉಜ್ಜಿದ ಗಾಯ ಉದ್ದಕ್ಕಿದೆ. ಇದೊಂದರಲ್ಲಿ ಮಾತ್ರ ಬೇರೆ ಮೂರು ಗಾಯ. ಪಕ್ಕದಿಂದ ಬಿದ್ದ ಏಟು. ಒಂದೊಂದರಲ್ಲೂ ಎರಡು ಹಲ್ಲು ಊರಿದ ಗುರುತು, ಒಂದು ಉದ್ದ, ಇನ್ನೊಂದು ಮೋಟು. ಇದನ್ನ ಯಾವುದರಿಂದ ಹೊಡೆದ್ರು?"

"ಓ, ಅದಾ?" ಚಹಾದಂಗಡಿಯವನು ಹತ್ತಿರ ಬಂದ. "ಹೋದ ಗುರುವಾರ ಮಧ್ಯಾಹ್ನ ಒಬ್ಬ ಲಾರಿ ಬಾನೆಟ್ ಹತ್ತಿ ನಿಂತು ಏನೋ ಬಡೀತಿದ್ದ. ಎತ್ತರ ನೋಡ್ತಿದಾನೆ ಅಂದ್ಕೊಂಡೆ. ಮೂರು ಸಲ ಹೊಡೆದ. ಸದ್ದು ಬರಲಿಲ್ಲ. ಪಟ್ಟಿ ಮುಟ್ಟಿ ನೋಡಿದ. ಆಮೇಲೆ ಇಳಿದು, ಚಹಾನೂ ಕುಡೀದೆ, ಈ ಕಡೆಗೇ ನೋಡ್ಕೊಂಡು ಅರ್ಧ ಗಂಟೆ ನಿಂತಿದ್ದ. ಲಾರಿ ಹಿಂದೆ ತಗೊಂಡು ಹೊರಟೋದ."

ಅವಳು ಕೂತಳು. ಕೂತದ್ದು ಗ್ರೀಸಿನ ಡಬ್ಬಿಯ ಮೇಲೆ ಎಂಬುದೂ ತಿಳಿಯಲಿಲ್ಲ. ಬೆರಳನ್ನು ಆ ಗುರುತಿನ ಮೇಲಿಟ್ಟಳು. ಮುರಿದ ಬಾಯಿಯ ಸ್ಪ್ಯಾನರ್. ಮೂರು ವರ್ಷಗಳಲ್ಲಿ ಅವನನ್ನು ಇಷ್ಟು ಹತ್ತಿರದಿಂದ ಮುಟ್ಟಿರಲಿಲ್ಲ.

ಗುರುವಾರ ಮಧ್ಯಾಹ್ನ ಅವಳು ಮೇಲೆ ಗುಂಡಿ ಹೊಲಿಯುತ್ತಿದ್ದಳು. ಕೂಗಿದ್ದರೆ ಕೇಳುವಷ್ಟು ದೂರ. ಅವನು ಮೊದಲ ಏಟಿಗೇ ರಬ್ಬರನ್ನು ಕಂಡುಕೊಂಡಿರಬೇಕು. ಆದರೂ ಮಾತು ಕೊಟ್ಟಂತೆ ಮೂರೂ ಹೊಡೆದಿದ್ದ. ಸದ್ದು ಅಡಗಿಸಿದ್ದೇ ಅವಳ ಉತ್ತರವೆಂದು ತಿಳಿದುಕೊಂಡು ಹೋಗಿದ್ದ. ಅವಳು ಜೋರಾಗಿ ಅತ್ತಳು.

ಅಣ್ಣ ಗೋಡೆಗೆ ಆತು ನಿಂತಿದ್ದ. ಖಾಲಿ ಮೊಳೆ ಅವನ ಕಿವಿಯ ಪಕ್ಕದಲ್ಲೇ ಇತ್ತು.

ಸಾಹೇಬರು ಸದ್ದಿಲ್ಲದೆ ಎದ್ದು ಹಳಿ ಕಾಯುವವನ ಗುಡಿಸಲಿಗೆ ಹೋದರು. ಮೊಬೈಲ್ ಇಲ್ಲದ ದಿನಗಳವು. ಗುಡಿಸಲಲ್ಲಿ ಹಿಡಿ ತಿರುಗಿಸುವ ರೈಲ್ವೆ ಫೋನಿತ್ತು. ಕಾಲು ಗಂಟೆಗೆ ಮರಳಿದರು.

"ಇಲ್ಲಿಂದ ಹಿಂದೆ ಹೋದ ಎತ್ತರದ ಲಾರಿ ರೈಲ್ವೆ ಗೇಟು ದಾಟಲೇಬೇಕು. ಮೇಲೆ ಕರೆಂಟ್ ತಂತಿ ಇರೋದ್ರಿಂದ ಅಂಥ ಲಾರಿಯ ನಂಬರು, ಎಲ್ಲಿಗೆ ಹೋಗುತ್ತೆ ಅನ್ನೋದು, ಎರಡನ್ನೂ ಗೇಟ್‌ಮನ್ ಬರೆದುಕೊಳ್ತಾನೆ. ಗುರುವಾರ ಮಧ್ಯಾಹ್ನ ದಾಟಿದ್ದು ಒಂದೇ ಲಾರಿ. ರೈಲು ಹೋಗಿ ಗೇಟು ತೆಗೆದ ಮೇಲೂ ಅಲ್ಲೇ ನಿಂತಿತ್ತಂತೆ. ಡ್ರೈವರ್ ಹಿಂದಕ್ಕೆ ನೋಡ್ತಾ ಕೂತಿದ್ನಂತೆ. ಗೇಟ್‌ಮನ್ ಬೈದ ಮೇಲೆ ಹೊರಟನಂತೆ." ಜೇಬಿನಿಂದ ಚೀಟಿ ತೆಗೆದು ಅವಳಿಗೆ ಕೊಟ್ಟರು. "ಬಂದರಿನ ಲಾರಿ ಸ್ಟ್ಯಾಂಡು. ಹತ್ತೂವರೆಗೆ ಬಸ್ಸಿದೆ ತಾಯಿ."

ಆಮೇಲೆ ಪಂಕ್ಚರಣ್ಣನಿಗೆ, "ನಾನು ವರದಿ ಬರೆಯಲೇಬೇಕು. ಸೋಮವಾರ ಠಾಣೆಗೆ ಬನ್ನಿ," ಎಂದರು. ಪೊಲೀಸಿನವನು ಡ್ರೈವರನ ಲೈಸೆನ್ಸನ್ನು ಜೇಬಿನಿಂದ ತೆಗೆದು ಅವನ ಎಡಗೈಗೆ ಇಟ್ಟ.

ಅವಳು ಮುಖ ತೊಳೆದು, ಚೀಲದಲ್ಲಿ ಎರಡು ಸೀರೆ ತುರುಕಿಕೊಂಡು ಮೆಟ್ಟಿಲಿಳಿದಳು. ಮೂರು ಏಟಿನ ಆ ರಬ್ಬರ್ ತುಂಡನ್ನೂ ಚೀಲಕ್ಕೆ ಹಾಕಿಕೊಂಡಿದ್ದಳು.

"ನಾನೂ ಬರ್ತೀನಿ," ಎಂದ ಅಣ್ಣ. "ಕಾಲಿಗೆ ಬಿದ್ದಾದ್ರೂ ಕರ್ಕೊಂಡು ಬರ್ತೀನಿ."

"ಬೇಡ. ಅವರು ಅಲ್ಲಿಂದ ಆಗಲೇ ಹೊರಟಿದ್ರೆ? ಈ ದಾರಿಯಲ್ಲೇ ಮತ್ತೆ ಬಂದ್ರೆ? ನೀನು ಇಲ್ಲೇ ಇರು." ಅವಳು ಚೀಲ ಹೆಗಲಿಗೇರಿಸಿದಳು. "ತೋರಣ ಬಡಿದಾಗೆಲ್ಲ, ಇನ್ಮೇಲೆ ನೀನು ಓಡಣ್ಣಾ."

ಅಣ್ಣ ತಲೆಯಾಡಿಸಿದ.

ಬಸ್ ನಿಲ್ದಾಣಕ್ಕೆ ಅರ್ಧ ದಾರಿ ಸಾಗಿದ್ದಳು. ಹಿಂದಿನಿಂದ ಟಣ್ ಎಂದಿತು. ಅವಳ ಕಾಲುಗಳು ನಿಂತವು. ತಿರುಗಿದಳು. ಅಂಗಡಿಯಿಂದ ಪಂಕ್ಚರಣ್ಣ ಬರಿಗಾಲಲ್ಲಿ, ಒದ್ದೆ ಕೈಯಲ್ಲಿ, ಬಿದ್ದಂಬೀಳ ತಿರುವಿನತ್ತ ಓಡುತ್ತಿದ್ದ. ತಿರುವಿನಾಚೆ ಮರೆಯಾದ. ಸ್ವಲ್ಪ ಹೊತ್ತಿಗೆ ಮರಳಿ ಕಾಣಿಸಿಕೊಂಡ, ನಿಧಾನವಾಗಿ ನಡೆಯುತ್ತ. ದೂರದಲ್ಲಿ ನಿಂತಿದ್ದ ತಂಗಿಯನ್ನು ಕಂಡು, ಇಲ್ಲವೆಂದು ಕೈ ಆಡಿಸಿದ. ಅಲ್ಲಿಯೇ ರಸ್ತೆಯಂಚಿನ ಕಲ್ಲಿನ ಮೇಲೆ ತಲೆ ತಗ್ಗಿಸಿ ಕೂತ.

ಬಸ್ಸು ಬಂತು. ಅವಳು ಹತ್ತಿ, ಎದುರಿನಿಂದ ಬರುವ ಲಾರಿಗಳು ಕಾಣುವಂತೆ ಕಿಟಕಿಯ ಪಕ್ಕ ಕೂತಳು.